ಶೇಕಡಾ ಅರವತ್ತೆರಡರಷ್ಟು ಅಳು

ಬೆಳಿಗ್ಗೆ ಹತ್ತೂಕಾಲಿಗೆ ಸಂಶೋಧನಾ ಕೇಂದ್ರದ ಪ್ರಿಂಟರು ಕೆಮ್ಮುತ್ತ ಕೆಮ್ಮುತ್ತ ಒಂದೇ ಒಂದು ಹಾಳೆ ಉಗಿದು, ಟೋನರ್ ಮುಗಿಯಿತೆಂದು ಸುಮ್ಮನಾಯಿತು. ಮಾರುತೇಶನ ಗ್ರಹಚಾರ ಕೆಡುವುದಕ್ಕೆ ಆ ಒಂದು ಹಾಳೆ ಸಾಕಾಯಿತು. ಹಾಳೆಯ ನೆತ್ತಿಯಲ್ಲಿ ದಪ್ಪಗೆ ಒಂದು ಅಂಕಿ ಕೂತಿತ್ತು: ಅರವತ್ತೆರಡು.

ಅಂದರೆ, ಮಾರುತೇಶ ಆರು ವರ್ಷ ಕೂತು ಬರೆದ ಪಿಎಚ್.ಡಿ. ಪ್ರಬಂಧದಲ್ಲಿ ನೂರಕ್ಕೆ ಅರವತ್ತೆರಡು ಭಾಗ ಬೇರೆಲ್ಲೋ ಇರುವುದರ ನಕಲು ಎಂದು ಕಂಪ್ಯೂಟರು ತೀರ್ಪು ಕೊಟ್ಟಿತ್ತು. ವಿಶ್ವವಿದ್ಯಾಲಯ ಕ್ಷಮಿಸುವುದು ಹತ್ತರ ತನಕ ಮಾತ್ರ. ಪ್ರಬಂಧ ಸಲ್ಲಿಸಲು ಕೊಟ್ಟ ಗಡುವು ಮುಗಿದು, ಮೇಲೆ ಕೊಟ್ಟ ಗಡುವೂ ಮುಗಿದು, ಇವತ್ತು ಸಂಜೆ ಐದು ಗಂಟೆಗೆ ಬಾಗಿಲು ಶಾಶ್ವತವಾಗಿ ಮುಚ್ಚುವುದಿತ್ತು. ಚಳ್ಳಕೆರೆಯ ಆ ಡಿಗ್ರಿ ಕಾಲೇಜಿನಲ್ಲಿ ಅವನು ಹದಿಮೂರು ವರ್ಷದಿಂದ ಕನ್ನಡದ ಅತಿಥಿ ಉಪನ್ಯಾಸಕ. ಹದಿಮೂರು ವರ್ಷ ಒಂದೇ ಮನೆಯಲ್ಲಿ ಅತಿಥಿಯಾಗಿರುವುದು ಎಂಥ ಅವಮಾನವೆಂದು ಅನುಭವಿಸಿದವರಿಗೇ ಗೊತ್ತು. ಮುಂದಿನ ವರ್ಷದಿಂದ ಡಾಕ್ಟರೇಟ್ ಇಲ್ಲದವರಿಗೆ ಆ ಅತಿಥಿ ಪಟ್ಟವೂ ಇಲ್ಲವೆಂದು ಆದೇಶ ಬಂದಿತ್ತು.

ಪ್ರಬಂಧದ ಹೆಸರು ‘ದೇವಸಮುದ್ರ ಹೋಬಳಿಯ ಅಳುವ ಹಾಡುಗಳು’. ಸತ್ತವರ ಮುಂದೆ ಕೂತು ಹೆಂಗಸರು ರಾಗ ಎತ್ತಿ ಅಳುತ್ತಾರಲ್ಲ, ಆ ಹಾಡುಗಳು. ಹಾಡು ನಲವತ್ತು, ಹಾಡಿದವಳು ಒಬ್ಬಳೇ, ಮಾರುತೇಶನ ಅವ್ವ ರಂಗಕ್ಕ. ಆ ಕಡೆ ಯಾರ ಮನೆಯಲ್ಲಿ ಸಾವಾದರೂ ಮೊದಲು ರಂಗಕ್ಕನಿಗೆ ಹೇಳಿ ಕಳಿಸುತ್ತಿದ್ದರು, ನೆಂಟರಿಗೆ ಆಮೇಲೆ.

ನಾಲ್ಕನೇ ಅಧ್ಯಾಯದ ಮೊದಲ ಹಾಡು ಮಾತ್ರ ಊರವರ ಮನೆಯದಲ್ಲ, ಅವರದೇ ಮನೆಯದು. ಮಾರುತೇಶನ ತಮ್ಮ ಹೊನ್ನೂರಸ್ವಾಮಿ ಒಂಬತ್ತು ವರ್ಷದವನಿದ್ದಾಗ ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟ. ಕೊನೆಗೆ ನೀರು ಕೇಳಿದ್ದ. ರಂಗಕ್ಕ ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಕುಡಿಯುವವನು ಇರಲಿಲ್ಲ. ಮಾರುತೇಶನಿಗೆ ಆಗ ಹದಿಮೂರು. ಆ ಹಾಡನ್ನು ಆಮೇಲೆ ಅವಳು ಹೇಳಿದ್ದು ಒಂದೇ ಸಲ, ಆರು ವರ್ಷದ ಹಿಂದೆ, ಮಗನ ಪ್ರಬಂಧಕ್ಕೆಂದು. ಪ್ರಬಂಧದಲ್ಲಿ ಅದು ಹೀಗಿತ್ತು: ‘ಹಾಡು ಒಂದು. ಹೇಳಿದವರು: ರಂಗಕ್ಕ, ಕೂಲಿ. ಸಂದರ್ಭ: ಪುತ್ರಶೋಕ.’ ಸ್ವಂತ ಮನೆಯ ಸಂಗತಿಯನ್ನು ಸಂಶೋಧನೆಯಲ್ಲಿ ಬೆರೆಸಬಾರದು ಎಂದು ಗೈಡು ಹೇಳಿದ್ದರು. ಹಾಗೆ ಹೇಳಿ, ಸಹಿ ಹಾಕಿ, ಅವರು ನಿವೃತ್ತರಾಗಿದ್ದರು.

“ಲೇ ಮಾರುತಿ, ಹಾಡೆಲ್ಲಾ ಕೆಂಪಗೆ ಬಂದಾವೆ ನೋಡು,” ಎಂದ ಸಂಗಮೇಶ್, ಪರದೆಗೆ ಮೂಗು ತಾಗಿಸಿ. ಅವನು ಭೌತಶಾಸ್ತ್ರದ ಮೇಷ್ಟ್ರು, ಹಾಸ್ಟೆಲಿನ ಕಾಲದಿಂದ ಮಾರುತೇಶನ ಗೆಳೆಯ. ಅವನ ಸಂಶೋಧನೆಗೆ ಬೇಕಾದ ಯಂತ್ರ ಇರುವುದು ಬೆಂಗಳೂರಿನಲ್ಲಿ. ಮೂರು ತಿಂಗಳಿಗೊಮ್ಮೆ ಎರಡು ಗಂಟೆ ಅದರ ದರ್ಶನ ಸಿಗುತ್ತಿತ್ತು. ಉಳಿದ ಹೊತ್ತಿಗೆ ಕಾಲೇಜಿನವರು ಅವನನ್ನು ಹನ್ನೊಂದು ಸಮಿತಿಗೆ ಹಾಕಿದ್ದರು, ನಕಲು ತಪಾಸಣೆಯದು ಅದರಲ್ಲೊಂದು. “ನಿನ್ನ ಸ್ವಂತ ವಿವರಣೆ ಎಲ್ಲಾ ಚೊಕ್ಕಟ ಐತೆ. ಹಾಡೇ ಸಿಕ್ಕಿಬಿದ್ದಾವೆ.”

“ನಮ್ಮವ್ವ ಅತ್ತಿದ್ದು ಇನ್ಯಾರ ಹತ್ರ ಇರ್ತೈತಲೇ?”

ಉತ್ತರ ಕೊಟ್ಟವರು ಕೇಂದ್ರದ ಸಂಚಾಲಕರಾದ ತೋಟಪ್ಪನವರು. ವಾಣಿಜ್ಯಶಾಸ್ತ್ರದವರು, ಎಣ್ಣೆ ಮಿಲ್ಲಿನ ಮನೆತನ. ಇಪ್ಪತ್ತು ವರ್ಷದ ಹಿಂದೆ ಶೇಂಗಾ ಮಾರುಕಟ್ಟೆಯ ಮೇಲೆ ಪ್ರಬಂಧ ಬರೆದು, ಈ ಬಗ್ಗೆ ಇನ್ನೂ ಹೆಚ್ಚಿನ ಅಧ್ಯಯನ ಆಗಬೇಕೆಂದು ಕೊನೆಯಲ್ಲಿ ಸೂಚಿಸಿದ್ದರು. ಆ ಅಧ್ಯಯನವನ್ನು ಯಾರಾದರೂ ಮಾಡಲಿ ಎಂದು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದರು.

“ಅಲ್ರೀ ಮಾರುತೇಶ್, ನಿಮ್ಮವ್ವಾರು ಅಳೋವಾಗ ಬಾಗ್ಲು ಹಾಕ್ಕೊಂಡಿದ್ರಾ? ಯಾರೋ ಪ್ರೊಫೆಸರು ನಿಮಗಿಂತ ಮುಂಚೆನೇ ಬಂದು ಟೇಪಿಗೆ ಹಾಕ್ಕೊಂಡು ಹೋಗಿರ್ತಾರೆ. ಪುಸ್ತಕ ಮಾಡಿರ್ತಾರೆ. ಕಾನೂನಿನ ಪ್ರಕಾರ ಈಗ ನಿಮ್ಮವ್ವನ ಹಾಡನ್ನ ಕದ್ದೋರು ನೀವು.”

ಮಾರುತೇಶನಿಗೆ ಒಂದು ಮುಖ ನೆನಪಾಯಿತು. ಎಷ್ಟೋ ವರ್ಷದ ಹಿಂದೆ, ಕನ್ನಡಕದವರೊಬ್ಬರು ಟೇಪ್ ರೆಕಾರ್ಡರ್ ಹಿಡಿದು ಊರಿಗೆ ಬಂದಿದ್ದರು. ಅವ್ವ ಅವರಿಗೆ ಮಜ್ಜಿಗೆ ಕೊಟ್ಟಿದ್ದಳು. ಹಾಡೂ ಕೊಟ್ಟಳೇನೋ! ಯಾವ ಪುಸ್ತಕದ ಜೊತೆ ತಾಳೆಯಾಗಿದೆ ಎನ್ನುವುದು ವರದಿಯ ಕೊನೆಯ ಪುಟಗಳಲ್ಲಿ ಇರುತ್ತದೆ. ಆದರೆ ಟೋನರ್ ಇಲ್ಲದೆ ಆ ಪುಟ ಹೊರಗೆ ಬಂದಿರಲಿಲ್ಲ, ಪರದೆಯ ಮೇಲೆ ನಾನ್ನೂರು ಪುಟ ದಾಟಿ ಹೋಗಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ದೊಡ್ಡ ದೊಡ್ಡ ಸಂಶೋಧಕರೇ ಅಡಿಟಿಪ್ಪಣಿ ಓದುವುದಿಲ್ಲ, ಇವರ ಮೇಲೇಕೆ ತಪ್ಪು ಹೊರಿಸಬೇಕು.

“ಈಗೇನ್ ಮಾಡೋದು ಸರ್?” ಎಂದ ಮಾರುತೇಶ.

“ನಿಯಮ ಸರಳ ಐತೆ. ಬೇರೆಯವರ ಮಾತು ಇದ್ರೆ ನಿಮ್ಮ ಸ್ವಂತ ಮಾತಿನಾಗೆ ಬರೀಬೇಕು. ಹಾಡನ್ನ ಸ್ವಂತ ಮಾತಿನಾಗೆ ಬರೀರಿ.”

“ಜನಪದ ಹಾಡು ಸರ್ ಅದು! ಹೆಂಗೈತೋ ಹಂಗೆ ಇದ್ರೇನೇ ಅದು...”

“ಹಂಗಾದ್ರೆ ಅರವತ್ತೆರಡು,” ಎಂದು ತೋಟಪ್ಪನವರು ಹಾಳೆಯನ್ನು ಮುಂದೆ ಸರಿಸಿದರು. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಮಿಲ್ಲಿನಲ್ಲಿ ಶೇಂಗಾದ ತೇವ ಎಷ್ಟೆಂದು ಹೇಳುವಾಗಲೂ ಅವರು ಹೀಗೇ ಹೇಳುತ್ತಿದ್ದರು.

ಅಷ್ಟರಲ್ಲಿ ಸಸ್ಯಶಾಸ್ತ್ರದ ವಾಣಿಶ್ರೀ ಮೇಡಂ ಬಂದರು. ದನ ಮೇಯುವ ಕಾವಲಿನ ಬಯಲ ಹುಲ್ಲುಗಳ ಮೇಲೆ ಒಂಬತ್ತು ವರ್ಷ ಕೆಲಸ ಮಾಡಿದವರು. ಆ ಕಾವಲಿಗೆ ಈಗ ಬೇಲಿ ಬಿದ್ದು, ಹುಲ್ಲು ಬೇಲಿಯ ಒಳಗೂ ಮೇಡಂ ಬೇಲಿಯ ಹೊರಗೂ ಆಗಿದ್ದರು. ಆದರೂ ವಾರಕ್ಕೊಮ್ಮೆ ಸ್ಕೂಟಿಯಲ್ಲಿ ಹೋಗಿ ತಂತಿಯ ಈಚೆಯಿಂದ ನೋಡಿ ಬರುತ್ತಿದ್ದರು. ಕಳೆದುಕೊಂಡವರ ಕಷ್ಟ ಅವರಿಗೆ ತಿಳಿಯುತ್ತಿತ್ತು. “ನಾಲ್ಕು ಜನ ಇದೀವಿ, ಹತ್ತತ್ತು ಹಾಡು ಹಂಚ್ಕೊಳ್ಳೋಣ ಮಾರುತೇಶ್. ಕೆಲಸ ಉಳೀಲಿ ಮೊದ್ಲು,” ಎಂದು ಕುರ್ಚಿ ಎಳೆದುಕೊಂಡರು.

ಹೀಗೆ, ಹನ್ನೊಂದು ಗಂಟೆಗೆ, ಭೌತಶಾಸ್ತ್ರ, ಸಸ್ಯಶಾಸ್ತ್ರ, ವಾಣಿಜ್ಯಶಾಸ್ತ್ರ ಮತ್ತು ಕನ್ನಡ ನಾಲ್ಕೂ ಒಂದೇ ಮೇಜಿಗೆ ಕೂತು ರಂಗಕ್ಕನ ಅಳುವನ್ನು ತಿದ್ದತೊಡಗಿದವು. ಅಂತರಶಿಸ್ತೀಯ ಸಂಶೋಧನೆ ಆಗಬೇಕು, ಆಗಬೇಕು ಎಂದು ಬೆಂಗಳೂರಿನಿಂದ ಸುತ್ತೋಲೆಯ ಮೇಲೆ ಸುತ್ತೋಲೆ ಬರುತ್ತಿತ್ತು. ಆ ಕಾಲೇಜಿನಲ್ಲಿ ಅದು ನಡೆದದ್ದು ಅವತ್ತೊಂದೇ ದಿನ.

ಮೊದಲು ಎತ್ತಿಕೊಂಡದ್ದು ಹೊನ್ನೂರನ ಹಾಡಿನ ಮೊದಲ ನುಡಿ.

ತಂಗಡಿ ಹೂವಂಗೆ ನಗುತಿದ್ದೆ ನನ ಕಂದ
ಅಂಗಳ ಬರಿದಾಯ್ತು ಬಾರಯ್ಯ, ಹೊನ್ನೂರ
ತಂಬಿಗೆ ನೀರು ಹಂಗೈತೆ

“ಚೆನ್ನಾಗಿದೆ,” ಎಂದರು ಮೇಡಂ. ಆಮೇಲೆ ಕರ್ತವ್ಯ ನೆನಪಾಗಿ, “ತಂಗಡಿ ಅಂತ ಇದ್ರೆ ಸಿಕ್ಕಿಬೀಳುತ್ತೆ. ಶಾಸ್ತ್ರೀಯ ಹೆಸರು ಹಾಕೋಣ. ಕ್ಯಾಸಿಯ,” ಎಂದರು.

“ನಗುತಿದ್ದೆ ಬೇಡ, ಮಂದಹಾಸ ಬೀರುತ್ತಿದ್ದೆ,” ಎಂದ ಸಂಗಮೇಶ್, ಟೈಪು ಮಾಡುತ್ತ.

“ಹೊನ್ನೂರ ಅಂತ ಹೆಸರು ಬರಂಗಿಲ್ಲ. ಮೃತ ವ್ಯಕ್ತಿಯ ಗೋಪ್ಯತೆ ಅಂತ ಒಂದು ನಿಯಮ ಐತೆ. ಬಾಲಕ ಅಂತ ಹಾಕಿ,” ಎಂದರು ತೋಟಪ್ಪ.

ಹೊನ್ನೂರ ಯಾರೆಂದು ಆ ಮೂವರಿಗೂ ಗೊತ್ತಿರಲಿಲ್ಲ, ಸಂಗಮೇಶನಿಗೂ ಮಾರುತೇಶ ಹೇಳಿರಲಿಲ್ಲ. ಈಗ ಹೇಳಿದರೆ ಯಾರಿಗೂ ಕೈ ಆಡುವುದಿಲ್ಲ, ಕೈ ಆಡದಿದ್ದರೆ ಕೆಲಸ ಹೋಗುತ್ತದೆ. “ಹಾಕಿ ಸರ್,” ಎಂದ.

“ತಂಬಿಗೆ ನೀರು ಹಂಗೈತೆ, ಇದಕ್ಕೆ?”

“ಯಥಾಸ್ಥಿತಿ!” ಎಂದು ತೋಟಪ್ಪನವರು ಮೇಜು ಕುಟ್ಟಿದರು. ಅವತ್ತು ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು, ಕವಿತೆ ಇಷ್ಟು ಸುಲಭವೆಂದು ಅವರಿಗೆ ಗೊತ್ತಿರಲಿಲ್ಲ. ಮೊದಲ ನುಡಿ ತಯಾರಾಯಿತು.

ಕ್ಯಾಸಿಯ ಪುಷ್ಪದಂತೆ ಮಂದಹಾಸ ಬೀರುತ್ತಿದ್ದ ಬಾಲಕನೇ
ಗೃಹದ ಮುಂಭಾಗವು ನಿರ್ಜನವಾಗಿದೆ, ದಯಮಾಡಿ ಆಗಮಿಸು
ಪಾತ್ರೆಯಲ್ಲಿನ ನೀರು ಯಥಾಸ್ಥಿತಿಯಲ್ಲಿದೆ

ಹತ್ತು ಹಾಡು ಮುಗಿದಾಗ ಅಂಕಿ ನಲವತ್ತೊಂದಕ್ಕೆ ಇಳಿಯಿತು. ಎಲ್ಲರಿಗೂ ಹುರುಪು ಬಂತು. ಕ್ಯಾಂಟೀನಿನಿಂದ ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡರು. ಒಂದು ಕೈಲಿ ಮೆಣಸಿನಕಾಯಿ, ಇನ್ನೊಂದು ಕೈಲಿ ಪರರ ಸಂಕಟ. ಇಪ್ಪತ್ತೈದು ಹಾಡಾದಾಗ ಹತ್ತೊಂಬತ್ತು, ನಲವತ್ತೂ ಮುಗಿದಾಗ ಒಂಬತ್ತು. ಸಂಗಮೇಶ್ ಎದ್ದು ನಿಂತು ಚಪ್ಪಾಳೆ ಹೊಡೆದ. ಮಾರುತೇಶನೂ ಹೊಡೆದ, ಹೊಡೆಯದೆ ಇನ್ನೇನು ಮಾಡುತ್ತಾನೆ.

ಆಗ ತೋಟಪ್ಪನವರಿಗೆ ಇನ್ನೊಂದು ನಿಯಮ ನೆನಪಾಯಿತು. ಅವರ ತಲೆಯಲ್ಲಿ ನಿಯಮಗಳು ಊಟದ ಹೊತ್ತಿಗೆ ಸರಿಯಾಗಿ ನೆನಪಾಗುತ್ತಿದ್ದವು. “ಅಲ್ರೀ, ಹಾಡು ಬದಲಾತು ಅಂದ್ಮೇಲೆ ಹಳೇ ಒಪ್ಪಿಗೆ ಪತ್ರ ನಡಿಯಂಗಿಲ್ಲ. ಹೇಳಿದೋರಿಗೆ ಮಾದರಿಗೆ ಒಂದು ಹಾಡಿನ ಮೊದಲ ನುಡಿ ಓದಿ ಹೇಳಿ, ಅದೇ ಪುಟದ ಮೇಲೆ ಅವರ ಹೆಬ್ಬೆಟ್ಟು ಹಾಕಿಸ್ಬೇಕು. ಮೊದಲ್ನೇ ಹಾಡು ಸಾಕು.”

“ಸರ್, ದೇವಸಮುದ್ರ! ಎರಡು ಬಸ್ಸು!”

“ವಾಪಸ್ ಬರೋದೇನ್ ಬ್ಯಾಡ. ಫೋಟೋ ಹೊಡೆದು ಕಳಿಸ್ರಿ. ಸಂಗಮೇಶ್ ಇಲ್ಲೇ ಕೂತಿರ್ತಾರೆ, ಸೇರಿಸಿ ಅಪ್‌ಲೋಡ್ ಮಾಡ್ತಾರೆ.”

ಮಾರುತೇಶ ಹಳೆಯ ಪ್ರಬಂಧದ ದಪ್ಪ ಪ್ರತಿಯಿದ್ದ ಚೀಲ ಹೆಗಲಿಗೇರಿಸಿ ಓಡಿದ. ಟೋನರ್ ಇಲ್ಲದ್ದರಿಂದ ಹೊಸ ಹಾಡನ್ನು ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದ. ಪಕ್ಕದ ಅಂಗಡಿಯಲ್ಲಿ ಒಂದು ಸ್ಟ್ಯಾಂಪ್ ಪ್ಯಾಡು ಕೊಂಡು ಜೇಬಿಗಿಟ್ಟ. ಮೊಳಕಾಲ್ಮುರು ಕಡೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ದಾರಿಯ ಹಾನಗಲ್ ಹಳ್ಳಿ ದಾಟುವ ಮೊದಲೇ ಕುರಿ ಹಿಂಡೊಂದು ರಸ್ತೆಗಡ್ಡ ಬಂದು ಬಸ್ಸು ಕಾಲು ಗಂಟೆ ನಿಂತಿತು. ಬಿಸಿಲಿಗೆ ಪ್ಯಾಡು ಸೋರಿ, ಬಿಳಿ ಅಂಗಿಯ ಜೇಬು ನೇರಳೆಯಾಯಿತು.

ಪಕ್ಕದಲ್ಲಿ ಕೂತಿದ್ದ ಪಾತಣ್ಣ ಎಂಬ ಮುದುಕ ಕುರಿ ಸಾಕುವವನು, ಮಾತುಗಾರ. “ಏನಪ್ಪಾ ಅದು ಕಾಗ್ದ? ಒಂದೇ ಸಮ ನೋಡ್ತಿದೀಯಲ್ಲ?”

“ಅಳೋ ಹಾಡು ಯಜಮಾನ್ರೆ. ಸತ್ತಾಗ ಹೇಳ್ತಾರಲ್ಲ, ಅದು.”

“ಹೌದಾ! ಓದು ಮತ್ತೆ, ಕೇಳಾನ.”

ಮಾರುತೇಶ ಓದಿದ. ಪಾತಣ್ಣ ಟವೆಲಿನಿಂದ ಕತ್ತು ಒರೆಸಿಕೊಂಡ. “ಕೋರ್ಟಿನ ನೋಟೀಸ್ ಇದ್ದಂಗೈತಲ್ಲಪ್ಪ. ಯಾರ ಮ್ಯಾಲೆ ಕೇಸು?” ಎಂದ. ಹಿಂದಿನ ಸೀಟಿನವರು ನಕ್ಕರು. ಮಾರುತೇಶನೂ ನಗಲು ನೋಡಿದ, ನಗು ಬರಲಿಲ್ಲ. ಮೊಳಕಾಲ್ಮುರಿನಲ್ಲಿ ಇನ್ನೊಂದು ಬಸ್ಸು ಹಿಡಿದು ಅವನು ದೇವಸಮುದ್ರ ಮುಟ್ಟುವಾಗ ಮೂರೂಮುಕ್ಕಾಲು.

ರಂಗಕ್ಕ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಕೂತು ಬೀಜಕ್ಕೆಂದು ಶೇಂಗಾ ಸುಲಿಯುತ್ತಿದ್ದಳು. ಎದುರಿಗೆ ಪಕ್ಕದ ಮನೆಯ ಮಂಜಮ್ಮ. ಗಡಿಯಾಚೆಯಿಂದ ಈ ಊರಿಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ ಅವಳ ಮಾತು ಶುರುವಾಗುವುದು ತೆಲುಗಿನಲ್ಲಿಯೇ.

“ಏಮಯ್ಯಾ ಮಾರುತೀ, ಇಂತ ಎಂಡಲೋ ವಚ್ಚಿನಾವು? ಇಂಥ ಬಿಸಿಲಾಗೆ ಬರ್ತಾರೇನಯ್ಯಾ! ಅಂಗಿಗೇನಾತು, ಯಾರಾದ್ರೂ ಹೊಡದ್ರಾ?”

“ಮಸಿ ಮಂಜಕ್ಕ, ಮಸಿ. ಅವ್ವಾ, ಒಂದು ಹೆಬ್ಬೆಟ್ಟು ಬೇಕಿತ್ತು.”

“ನೀರ್ ಕುಡಿ ಮೊದ್ಲು,” ಎಂದಳು ರಂಗಕ್ಕ. “ಉಂಡೀಯಾ?”

“ಉಂಡೀನಿ. ಅವ್ವಾ, ಕೇಳು. ಒಂದು ಹಾಡು ಓದ್ತೀನಿ. ಕೇಳಿ, ಇಲ್ಲಿ ಒತ್ತಬೇಕು. ಅಷ್ಟೇ. ಐದರೊಳಗೆ ಹೋಗ್ಬೇಕು ಅದು.”

ಅವನು ಓದಿದ. ತನ್ನ ದನಿ ಯಾರದೋ ದನಿಯಂತೆ ಅವನಿಗೇ ಕೇಳಿಸಿತು. ಪಾತ್ರೆಯಲ್ಲಿನ ನೀರು ಯಥಾಸ್ಥಿತಿಯಲ್ಲಿದೆ ಎನ್ನುವಾಗ ಅವ್ವನ ಮುಖ ನೋಡಲಾರದೆ ಶೇಂಗಾ ರಾಶಿಯನ್ನು ನೋಡಿದ. ಗುರುತು ಹಿಡಿದರೆ ಏನು ಹೇಳಲಿ, ಹಿಡಿಯದಿದ್ದರೆ ಏನು ಮಾಡಲಿ ಎಂದು ಎರಡಕ್ಕೂ ಹೆದರಿದ್ದ.

ರಂಗಕ್ಕ ಸುಲಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಓದುವುದು ಮುಗಿದ ಮೇಲೆ, “ಯಾರು ಸತ್ತಿದ್ದು ಇದ್ರಾಗೆ?” ಎಂದಳು.

“ಒಂದು... ಒಂದು ಹುಡುಗ ಅವ್ವ.”

“ಅಯ್ಯೋ ಪಾಪ. ಆ ಮಗೀಗೆ ಅಳೋರು ಯಾರೂ ಇರ್ಲಿಲ್ಲೇನೋ,” ಎಂದು ಲೊಚಗುಟ್ಟಿ, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಅವಳು ಕೈ ನೀಡಿದಳು.

ಮಾರುತೇಶ ಆ ಬೆರಳು ಹಿಡಿದು ಪ್ಯಾಡಿಗೆ ಒತ್ತಿ ಹಾಳೆಗೆ ಒತ್ತಿದ. ಫೋಟೋ ಹೊಡೆದು ಕಳಿಸಿದ. ನಾಲ್ಕಕ್ಕೆ ಐದು ನಿಮಿಷ ಇತ್ತು. ಕೆಲಸ ಉಳಿಯಿತು. ಎದ್ದು ಮನೆಯ ಹಿಂದಕ್ಕೆ ಹೋಗಿ ಮುಖ ತೊಳೆದುಕೊಂಡ, ಸಾಲದೆಂದು ಮತ್ತೆ ತೊಳೆದುಕೊಂಡ. ಮೂವತ್ತು ಚಿಲ್ಲರೆ ವರ್ಷ ಅವ್ವನ ಎದೆಯಲ್ಲಿದ್ದ ಮಗನನ್ನು ತಾನು ಎರಡೂವರೆ ಗಂಟೆಯಲ್ಲಿ ಅನಾಥ ಮಾಡಿಬಿಟ್ಟೆ ಅನ್ನಿಸಿತು. ಹಾಗಲ್ಲ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಫೋನು ಬಂತು.

“ಮಾರುತಿ,” ಎಂದ ಸಂಗಮೇಶ್. “ಬೈಯಬ್ಯಾಡ. ವರದಿ ಕಟ್ಟೋಕೆ ಅಂತ ಕೊನೇ ಪುಟಕ್ಕೆ ಹೋದೆ. ಯಾವ ಪ್ರೊಫೆಸರೂ ಇಲ್ಲ, ಯಾವ ಪುಸ್ತಕಾನೂ ಇಲ್ಲ. ಅದು ನಾನೇ ಕಣಲೇ.”

“ನೀನಾ?”

“ಹೋದ ವಾರ ನಿನ್ನ ಹಾಡಿನ ಫೈಲು ನುಡಿ ಫಾಂಟಿನಿಂದ ಯೂನಿಕೋಡಿಗೆ ಮಾಡಿಕೊಟ್ನಲ್ಲ. ಅಕ್ಷರ ಸರಿಯಾಗಿ ಓದ್ಕೊಳ್ತೈತೋ ಇಲ್ವೋ ಅಂತ ಒಂದ್ಸಲ ಈ ಸಾಫ್ಟ್‌ವೇರಿಗೆ ಹಾಕಿ ನೋಡ್ದೆ. ನಡುವೆ ಕರೆಂಟು ಹೋತು. ಹೋಗಿಲ್ಲ ಅಂದ್ಕಂಡು ಬಿಟ್ಟೆ. ಪೂರ್ತಿ ಹೋಗಿ ಕೂತೈತೆ ಅದ್ರೊಳಗೆ! ಬೆಳಿಗ್ಗೆ ನಿನ್ನ ಹಾಡನ್ನ ಅದು ನಿನ್ನ ಹಾಡಿಗೇ ತಾಳೆ ನೋಡೈತೆ.”

ಗೆಳೆಯನ ಉಪಕಾರ ಎನ್ನುವುದು ಎಷ್ಟು ದೊಡ್ಡ ವಿಪತ್ತು ಎಂದು ಮಾರುತೇಶನಿಗೆ ಅವತ್ತು ತಿಳಿಯಿತು.

“ಈಗ ಆ ನನ್ನ ಪ್ರತಿ ತೆಗೆದು, ನಿನ್ನ ಹಳೇ ಪ್ರಬಂಧಾನೇ ಹಾಕಿ ನೋಡಿದೀನಿ. ಮೂರು ಪರ್ಸೆಂಟು! ಮೂರೇ! ಆ ದರಿದ್ರ ಬಾಲಕನ ಪ್ರತೀನ ಪೂರ್ತಿ ಅಳಿಸಿ ಹಾಕಿದೀನಿ, ಎರಡೆರಡು ಪ್ರತಿ ಇದ್ರೆ ತಗಳಲ್ಲ ಅದು. ನಿನ್ನ ಮೂಲ ಹಾಡೇ ಹೋಗ್ಲಿ ಮಾರುತಿ. ಹಳೇ ಒಪ್ಪಿಗೇನ ಮಧ್ಯಾಹ್ನಾನೇ ರದ್ದು ಮಾಡಿಸ್ಬಿಟ್ರು ತೋಟಪ್ಪನೋರು. ಮೂಲ ಹಾಡಿನ ಪುಟಕ್ಕೆ ಹೊಸದಾಗಿ ಒಂದು ಹೆಬ್ಬೆಟ್ಟು ಹಾಕ್ಸಿ ಕಳಿಸಿಬಿಡು. ಐದು ನಿಮಿಷದ ಕೆಲಸ, ನಲವತ್ತು ನಿಮಿಷ ಐತೆ.”

ಮಾರುತೇಶ ಮುಂದಕ್ಕೆ ಓಡಿಬಂದು ಚೀಲದಿಂದ ಪ್ರಬಂಧ ತೆಗೆದು ನಾಲ್ಕನೇ ಅಧ್ಯಾಯದ ಪುಟ ಬಿಚ್ಚಿದ. “ಅವ್ವಾ, ಇನ್ನೊಂದು ಸಲ ಒತ್ತು. ಇಲ್ಲಿ.”

“ಮತ್ತೆ ಯಾಕೋ?”

“ಮೊದ್ಲಿಂದು ಬ್ಯಾಡಂತೆ. ಇದು ಬೇಕಂತೆ.”

ರಂಗಕ್ಕ ಬೆರಳು ನೀಡಿದಳು. ನೀಡಿ, ಸುಮ್ಮನೆ ಕೇಳುವಂತೆ ಕೇಳಿದಳು: “ಇದ್ರಾಗೆ ಯಾರು ಸತ್ತಾರೆ?”

ಪ್ಯಾಡಿನ ಮೇಲಿದ್ದ ಬೆರಳನ್ನು ಹಾಳೆಗೆ ತರಬೇಕು, ಅಷ್ಟೇ ಇದ್ದದ್ದು. ಏನೋ ಒಂದು ಹೇಳಿ ಒತ್ತಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಇನ್ನೊಬ್ಬನಾಗಿದ್ದರೆ ಹಾಗೆಯೇ ಮಾಡುತ್ತಿದ್ದ. ಆದರೆ ಅಳುವವರಿಲ್ಲದ ಮಗು ಎಂದು ಅವ್ವ ಲೊಚಗುಟ್ಟಿದ್ದು ಅವನ ಕಿವಿಯಲ್ಲಿ ಇನ್ನೂ ಹಾಗೇ ಇತ್ತು. ಓದಿ ಹೇಳಬೇಕೆಂದು ನಿಯಮವಿದೆ ಎಂದು ತನಗೆ ತಾನೇ ಸಬೂಬು ಹೇಳಿಕೊಂಡು, ಓದಿದ.

“ತಂಗಡಿ ಹೂವಂಗೆ ನಗುತಿದ್ದೆ ನನ ಕಂದ...”

ಎರಡನೆಯ ಸಾಲು ಅವನು ಓದಬೇಕಾಗಲಿಲ್ಲ. ರಂಗಕ್ಕ ಎತ್ತಿಕೊಂಡಳು. ಮಡಿಲಿನ ಶೇಂಗಾ ಚೆಲ್ಲಿತು. ಮಸಿ ಹತ್ತಿದ ಕೈಯನ್ನು ಮಗನ ಕತ್ತಿಗೆ ಹಾಕಿ, ಅವನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡು, ಮುಪ್ಪಿನ ಗಂಟಲು ತಡೆಯುವಷ್ಟೂ ಮೇಲಕ್ಕೆ ರಾಗ ಎತ್ತಿದಳು. ಮಂಜಮ್ಮ ಮೊರ ಕೆಳಗಿಟ್ಟು ಹತ್ತಿರ ಸರಿದು ಕೂತಳು. ಆಚೆ ಬೀದಿಯಿಂದ ಇಬ್ಬರು ಹೆಂಗಸರು, ಯಾರಿಗೇನಾಯಿತೋ ಎಂದು ಓಡಿಬಂದವರು, ಹೊನ್ನೂರನ ಹೆಸರು ಕೇಳಿ ಸೆರಗು ಬಾಯಿಗೆ ಹಿಡಿದು ಅಲ್ಲೇ ಕೂತರು.

ಎತ್ತಿದ ಅಳುವನ್ನು ನಡುವೆ ಇಳಿಸಬಾರದು. ಇಳಿಸಿದರೆ ಉಳಿದ ದುಃಖ ಮನೆಯಲ್ಲೇ ಉಳಿದುಬಿಡುತ್ತದೆ ಎಂದು ಆ ಕಡೆಯವರ ನಂಬಿಕೆ. ಇದು ಮಾರುತೇಶನಿಗೆ ಚೆನ್ನಾಗಿ ಗೊತ್ತಿತ್ತು. ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಹನ್ನೆರಡು ಪುಟ ಆಧಾರಸಹಿತ ಅವನೇ ಬರೆದಿದ್ದ. ಹೊನ್ನೂರನ ಹಾಡು ಮೂವತ್ತೊಂದು ನುಡಿ ಎಂಬುದನ್ನೂ ಅವನೇ ಬರೆದಿದ್ದ.

ಹತ್ತನೆಯ ನುಡಿಗೆ ಹೊನ್ನೂರ ಸ್ಲೇಟು ಒಡೆದುಕೊಂಡು ಬಂದ. ಹದಿನೈದಕ್ಕೆ ಅಣ್ಣನ ಹಳೆ ಚಡ್ಡಿ ಹಾಕಿಕೊಂಡು ಮೆರೆದ. ಜೇಬಿನಲ್ಲಿ ಫೋನು ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು. ಮಾರುತೇಶ ಕತ್ತು ಬಿಡಿಸಿಕೊಳ್ಳಲು ಒಂದು ಸಲ ನೋಡಿದ. ಅವ್ವನ ಹಿಡಿತ ಬಿಗಿಯಾಯಿತು. ಆಮೇಲೆ ಅವನು ನೋಡಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ದೊಡ್ಡವನು ನೀನು ಅಳಬಾರದು ಎಂದು ಯಾರೋ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿದ್ದರು. ಈಗ ಯಾರೂ ಹಾಗೆ ಹೇಳಲಿಲ್ಲ. ಅವನು ಅತ್ತ, ಮೂಗು ಬಾಯಿ ಒಂದಾಗುವಂತೆ ಅತ್ತ.

ಐದಕ್ಕೆ ನಾಲ್ಕು ನಿಮಿಷ ಇರುವಾಗ ಮಂಜಮ್ಮ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು, “ಮಾರುತೀ, ಐದರೊಳಗೆ ಅಂದಿದ್ದಿ. ನಿನ್ನ ಹೆಬ್ಬೆಟ್ಟೇ ಒತ್ತಿಬಿಡಯ್ಯಾ, ಎವುರು ಚೂಸ್ತಾರು? ಯಾರ್ ನೋಡ್ತಾರೆ?” ಒಳ್ಳೆಯ ಸಲಹೆ. ಆದರೆ ಅವನ ಎರಡೂ ಕೈ ಅವ್ವನ ಬೆನ್ನಿನ ಮೇಲಿದ್ದವು. ಆಗ ಇಪ್ಪತ್ನಾಲ್ಕನೆಯ ನುಡಿ ನಡೆಯುತ್ತಿತ್ತು.

ಹಾಡು ಮುಗಿದಾಗ ಐದೂಕಾಲು. ರಂಗಕ್ಕ ಸೆರಗಿನಿಂದ ಮೊದಲು ಮಗನ ಮುಖ ಒರೆಸಿದಳು, ಆಮೇಲೆ ತನ್ನದು. ಮಂಜಮ್ಮ ತಂದುಕೊಟ್ಟ ನೀರು ಕುಡಿದು ದೊಡ್ಡ ಉಸಿರು ಬಿಟ್ಟಳು. ಮುಖ ಹಗುರವಾಗಿತ್ತು.

“ಇದು ನಮ್ಮ ಹೊನ್ನೂರಂದಲ್ಲೇನೋ. ಮೊದ್ಲೇ ಹೇಳಬಾರ್ದಾ. ಎಲ್ಲಿ, ಎಲ್ಲಿ ಒತ್ಲಿ?”

ಫೋನಿನಲ್ಲಿ ಸಂಗಮೇಶನ ಹನ್ನೊಂದು ಕರೆ ತಪ್ಪಿಹೋಗಿದ್ದವು. ಕೊನೆಯಲ್ಲೊಂದು ಸಂದೇಶ: ‘ಮುಚ್ಚಿತು ಮಾರುತಿ. ಯಾವುದೂ ಹೋಗಲಿಲ್ಲ. ನಾಳೆ ನಿನ್ನ ಮುಖ ಹೆಂಗ್ ನೋಡ್ಲಿ.’

ಮಾರುತೇಶ ಫೋನನ್ನು ಜೇಬಿಗಿಟ್ಟು, ಪುಟ ಹರವಿ, ಜಾಗ ತೋರಿಸಿದ. “ಇಲ್ಲಿ ಅವ್ವ.”

ಅವಳು ಒತ್ತಿದಳು. ಮೂಡಿತೋ ಇಲ್ಲವೋ ಎಂದು ಅನುಮಾನ ಬಂದು, ಪಕ್ಕದಲ್ಲಿ ಇನ್ನೊಮ್ಮೆ ಒತ್ತಿದಳು. “ಇದ್ರಿಂದ ನಿನ್ನ ಕೆಲಸ ಗಟ್ಟಿ ಆಗ್ತೈತಾ?”

“ಆಗ್ತೈತವ್ವ.”

“ಹಂಗಾದ್ರೆ ಸರಿ.” ಚೆಲ್ಲಿದ್ದ ಶೇಂಗಾವನ್ನು ಮೊರಕ್ಕೆ ಬಳಿದುಕೊಳ್ಳುತ್ತ ರಂಗಕ್ಕ ಮಂಜಮ್ಮನ ಕಡೆ ತಿರುಗಿ, ಹೆಮ್ಮೆಯಿಂದ ಹೇಳಿದಳು: “ನೋಡಿದ್ಯಾ ಮಂಜಿ? ಹೋದೋನು ಹೋದ್ರೂ, ಅಣ್ಣಂಗೆ ಒಂದು ಅನ್ನದ ದಾರಿ ಮಾಡಿಕೊಟ್ಟ ನನ್ನ ಮಗ.”

ಮಾರುತೇಶ ಹೌದೆಂದು ತಲೆಯಾಡಿಸಿದ. ಮಸಿ ಆರಲಿ ಎಂದು ಪುಟವನ್ನು ಬಿಸಿಲಿಗೆ ಹಿಡಿದುಕೊಂಡು ಕೂತ.